ಪ್ರಾಜೆಕ್ಟ್ ರಿಪೋರ್ಟ್ ಯಾರಿಗಾಗಿ?

ಸಾಲ ಕೇಳಲು ಹೋದವರಿಗೆ ನಮ್ಮ ಬ್ಯಾಂಕುಗಳು ಬಹುಕಾಲ ಹಾಕುತ್ತಿದ್ದ ಮೊದಲ ಪ್ರಶ್ನೆ, ಅಡವಿಡಲು ಏನಿದೆ ಎಂಬುದು. ಜಮೀನು, ಬಂಗಾರ, ಗೋದಾಮಿನ ಸರಕು, ಇಲ್ಲವೇ ಊರಲ್ಲಿ ಹೆಸರಿದ್ದವರೊಬ್ಬರ ಜಾಮೀನು ಇದ್ದರೆ ಉದ್ಯಮದ ಲೆಕ್ಕಾಚಾರವನ್ನು ಬರೆದು ತೋರಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಬರೆಸುವ ಪದ್ಧತಿಯನ್ನು ಬೆಳೆಸಿದ್ದು ದೀರ್ಘಾವಧಿ ಸಾಲ ಕೊಡುವ ಸಂಸ್ಥೆಗಳು. ನಮ್ಮ ರಾಜ್ಯ ಹಣಕಾಸು ನಿಗಮ 1959ರಲ್ಲಿ ಹುಟ್ಟಿತು. ಇನ್ನೂ ಗೋಡೆಯೇ ಏಳದ ಕಾರ್ಖಾನೆಗೆ ಸಾಲ ಕೊಡುವವರು ಯಂತ್ರದ ಬೆಲೆ, ಕಚ್ಚಾ ಮಾಲು, ಗಿರಾಕಿ, ಕಂತು ತೀರುವ ವರ್ಷ ಎಲ್ಲವನ್ನೂ ಮೊದಲೇ ಕೇಳಬೇಕಾಗುತ್ತದೆ. ಪ್ರಾಜೆಕ್ಟ್ ರಿಪೋರ್ಟ್ ಎಂಬ ಕಡತ ಉದ್ಯಮಿಯ ಕೈಗೆ ಬಂದದ್ದು ಹೀಗೆ, ಸಾಲ ಕೊಡುವವರ ಅಗತ್ಯದಿಂದ.

1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿದ್ದವು. ಆಸ್ತಿ ಇಲ್ಲದವರಿಗೂ ಸಾಲ ಕೊಡಬೇಕೆಂದಾಗ ಅಡಮಾನದ ಬದಲು ಉದ್ಯಮವನ್ನೇ ತೂಗಿ ನೋಡಬೇಕಾಯಿತು. ರಿಸರ್ವ್ ಬ್ಯಾಂಕು 1974ರಲ್ಲಿ ನೇಮಿಸಿದ ಟಂಡನ್ ಸಮಿತಿ ಇದೇ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟಿತು: ಎಷ್ಟು ಭದ್ರತೆ ಇದೆ ಎಂಬುದಕ್ಕಿಂತ ವಹಿವಾಟಿಗೆ ಎಷ್ಟು ಹಣ ಬೇಕು ಎಂಬುದು ಮುಖ್ಯ. ನನ್ನ ಪ್ರಕಾರ ಇಡೀ ಚರಿತ್ರೆಯಲ್ಲಿ ಇಷ್ಟು ನ್ಯಾಯವಾದ ತಿರುವು ಇನ್ನೊಂದಿಲ್ಲ. ಸಣ್ಣ ಕೈಗಾರಿಕೆಗಳಿಗೆ ಆ ಲೆಕ್ಕ ಭಾರವಾದಾಗ ರಿಸರ್ವ್ ಬ್ಯಾಂಕಿನದೇ ನಾಯಕ್ ಸಮಿತಿ 1992ರಲ್ಲಿ ಸರಳ ಸೂತ್ರ ಸೂಚಿಸಿತು. ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 25ರಷ್ಟು ದುಡಿಯುವ ಬಂಡವಾಳ ಬೇಕು. ಅದರಲ್ಲಿ ವಹಿವಾಟಿನ ಶೇ 20ರಷ್ಟನ್ನು ಬ್ಯಾಂಕು, ಶೇ 5ರಷ್ಟನ್ನು ಉದ್ಯಮಿ ಹಾಕಬೇಕು.

ಸೂತ್ರ ಬಹಳ ಜನರಿಗೆ ದಾರಿ ತೆರೆಯಿತು. ಆದರೆ ಅಂದಾಜು ವಹಿವಾಟು ಹಿಗ್ಗಿದಷ್ಟೂ ಸಾಲ ಹಿಗ್ಗುವಂತಾಯಿತು. ಸಾಲಕ್ಕೆ ಬೇಕಾದ ಮೊತ್ತವನ್ನು ಮೊದಲು ಗೊತ್ತುಮಾಡಿ, ಅದಕ್ಕೆ ಹೊಂದುವ ಮಾರಾಟವನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆಯುವ ಅಭ್ಯಾಸ ಬೇರೂರಲು ಇದೂ ಒಂದು ಕಾರಣ. ಬೇರೆಯವರಿಂದ ಬರೆಸಿಕೊಂಡ ಇಂಥ ವರದಿಗೆ ಸಹಿ ಹಾಕಿದ ಉದ್ಯಮಿಗೆ ತನ್ನ ಮೂರನೇ ವರ್ಷದ ಲಾಭ ಯಾಕೆ ಅಷ್ಟಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಂತು ಕಟ್ಟಬೇಕಾದವರು ಮಾತ್ರ ಅವರೇ.

ಹಾಗಾದರೆ ಬರೆಯುವುದು ಹೇಗೆ? ಜೋಳದ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುವ ಘಟಕ ಎನ್ನೋಣ. ರೊಟ್ಟಿಗೆ ಅಂಗಡಿಯವರು 7 ರೂಪಾಯಿ ಕೊಡುತ್ತಾರೆ. ಹಿಟ್ಟು, ಗ್ಯಾಸ್, ಪ್ಯಾಕಿಂಗ್, ಬಡಿಯುವವರ ಕೂಲಿ ಸೇರಿ 4 ರೂಪಾಯಿ ಹೋಗುತ್ತದೆ. ಬಾಡಿಗೆ, ಕರೆಂಟು, ಸಾಗಾಟ, ಸಾಲದ ಕಂತು ತಿಂಗಳಿಗೆ 36,000. ಉಳಿಯುವ 3 ರೂಪಾಯಿಯಲ್ಲಿ ಇದು ಹುಟ್ಟಬೇಕಾದರೆ ತಿಂಗಳಿಗೆ 12,000 ರೊಟ್ಟಿ, 25 ದಿನದ ಲೆಕ್ಕದಲ್ಲಿ ದಿನಕ್ಕೆ 480 ಹೋಗಬೇಕು. ಖರ್ಚು ರೊಟ್ಟಿಗೆ 50 ಪೈಸೆ ಏರಿತೋ, ಅದೇ 576 ಆಗುತ್ತದೆ. ಖರ್ಚು 4 ರೂಪಾಯಿಯೇ ಇದ್ದು ದಿನಕ್ಕೆ 600 ಮಾರಿದರೆ ತಿಂಗಳಿಗೆ 9,000 ಲಾಭ. ಆದರೆ ಅಂಗಡಿಯವರು ಒಂದು ತಿಂಗಳು ಉದ್ರಿ ಹೇಳಿದರೆ, ಮೊದಲ ಹಣ ಕೈಸೇರುವ ಮುಂಚೆಯೇ 96,000 ಖರ್ಚಾಗಿರುತ್ತದೆ. ಎಷ್ಟೋ ಘಟಕಗಳು ಮುಚ್ಚುವುದು ಇಂಥ ಕಡೆ, ಪುಸ್ತಕದಲ್ಲಿ ಲಾಭ ಕಾಣುತ್ತಿರುವಾಗಲೇ. ಆದ್ದರಿಂದ ಮೊದಲು ಹತ್ತು ಅಂಗಡಿ ತಿರುಗಿ ಎಷ್ಟು ರೊಟ್ಟಿ ಹೋಗುತ್ತದೆ, ದುಡ್ಡು ಯಾವಾಗ ಕೊಡುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಯಂತ್ರದ ಕೊಟೇಷನ್ ಆಮೇಲೆ.

ಇಂಥ ಅಭ್ಯಾಸವನ್ನು ಊರಿನ ಯುವಜನರಿಗೆ ಕಲಿಸುವ ದೊಡ್ಡ ಪ್ರಯತ್ನ ನಮ್ಮಲ್ಲೇ ನಡೆಯಿತು. ಧರ್ಮಸ್ಥಳದ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ 1982ರಲ್ಲಿ ಉಜಿರೆಯಲ್ಲಿ ಕಟ್ಟಿದ ಸ್ವ-ಉದ್ಯೋಗ ತರಬೇತಿಯ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆ ಜಿಲ್ಲೆಗೆ ಒಯ್ದಿತು.

ಅಮೆರಿಕದ ದಾರಿ ಬೇರೆ. 1968ರಲ್ಲಿ ಇಂಟೆಲ್‌ಗೆ ಹೂಡಿಕೆದಾರ ಆರ್ಥರ್ ರಾಕ್ 25 ಲಕ್ಷ ಡಾಲರ್ ಕೂಡಿಸುವಾಗ ಯೋಜನೆ ಎಂದು ಇದ್ದದ್ದು ಕೆಲವೇ ಹಾಳೆಯ ಟಿಪ್ಪಣಿ. ಮುಂದೆ ಅಲ್ಲೂ ಕಡತ ದಪ್ಪವಾಯಿತು. 1997ರಲ್ಲಿ ಹಾರ್ವರ್ಡ್ ಪ್ರಾಧ್ಯಾಪಕ ವಿಲಿಯಂ ಸಾಲ್ಮನ್ ಅಂಕಿಗಳ ಅತಿರೇಕವನ್ನು ಟೀಕಿಸಿ, ಮೊದಲು ಜನರನ್ನು ನೋಡಿ ಎಂದರು. ವೇಗವಾಗಿ ಬೆಳೆದ ಕಂಪನಿಗಳ ಸ್ಥಾಪಕರನ್ನು ಮಾತಾಡಿಸಿದ ಸಂಶೋಧಕ ಅಮರ್ ಭಿಡೆಗೆ ಶೇ 41 ಮಂದಿ ಯೋಜನೆಯನ್ನೇ ಬರೆದಿರಲಿಲ್ಲ ಎಂದು ತಿಳಿಯಿತು. 2010ರ ಪುಸ್ತಕದಲ್ಲಿ ಯುರೋಪಿನ ಓಸ್ಟರ್‌ವಾಲ್ಡರ್ ಮತ್ತು ಪಿನ್ಯೂರ್ ಒಂಬತ್ತು ಚೌಕಗಳ ಒಂದೇ ಹಾಳೆಯ ಕ್ಯಾನ್ವಾಸನ್ನು ಪ್ರಚಾರಕ್ಕೆ ತಂದರು. ಬರೆಯುವುದೇ ಬೇಡ ಎನ್ನಲು ಇದನ್ನೆಲ್ಲ ಆಧಾರ ಮಾಡಿಕೊಳ್ಳುವುದು ತಪ್ಪು. ಭಿಡೆ ಕಂಡವರಲ್ಲಿ ಬಹುಪಾಲು ಮಂದಿ ಕೈಯಲ್ಲಿದ್ದ ಅಲ್ಪ ಹಣದಿಂದ ಶುರುಮಾಡಿದವರು. ದಾರಿ ಬದಲಿಸಿದರೆ ಕೇಳುವವರಿರಲಿಲ್ಲ. ಬಡ್ಡಿ ಸಾಲ ತಂದವರಿಗೆ ಆ ಬಿಡುವಿಲ್ಲ.

2015ರ ಮುದ್ರಾ ಯೋಜನೆ 10 ಲಕ್ಷದವರೆಗೆ ಅಡಮಾನವಿಲ್ಲದ ಸಾಲ ತಂದಿತು. ಈಗ ಜಿಎಸ್‌ಟಿ ರಿಟರ್ನ್, ಯುಪಿಐ ಜಮೆಗಳನ್ನು ನೋಡಿ ಸಾಲದ ಅರ್ಹತೆ ಅಳೆಯುವ ಪದ್ಧತಿ ಬರುತ್ತಿದೆ. ನಡೆಯುತ್ತಿರುವ ಅಂಗಡಿಗೆ ಅದು ಒಳ್ಳೆಯದೇ. ಅಂದಾಜಿನ ಜಾಗಕ್ಕೆ ನಿಜವಾದ ಅಂಕಿ ಬರುತ್ತದೆ. ಆದರೆ ಇನ್ನೂ ಒಲೆಯನ್ನೇ ಹಚ್ಚದ ರೊಟ್ಟಿ ಘಟಕದ ಹೆಣ್ಣುಮಗಳಿಗೆ ಅಂಥ ದಾಖಲೆ ಯಾವುದೂ ಇರುವುದಿಲ್ಲ. ಮ್ಯಾನೇಜರ್ ಮುಂದೆ ಇಡಲು ಅವರ ಹತ್ತಿರ ಇರುವುದು ಆ ಹತ್ತು ಅಂಗಡಿಗಳ ಲೆಕ್ಕವೇ.