ಟರ್ಕಿ ರೋಸ್ಟ್: ಬೆಂದಿರುವುದನ್ನು ಗುರುತಿಸುವ ಬಗೆ

ಅಮೆರಿಕದಲ್ಲಿ ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ಟರ್ಕಿ ಕೋಳಿಯನ್ನು ಓವನ್ನಿನಲ್ಲಿ ರೋಸ್ಟ್ ಮಾಡುವ ರೂಢಿಯಿದೆ. ಬ್ರಿಟನ್ನಿನಲ್ಲಿ ಅದು ಕ್ರಿಸ್‌ಮಸ್ ಊಟದ ಹಕ್ಕಿ. ಐದಾರು ಕಿಲೋ ತೂಗುವ ಟರ್ಕಿಯ ಚರ್ಮ ಹೊಂಬಣ್ಣಕ್ಕೆ ತಿರುಗಿದ ಮೇಲೂ ತೊಡೆಸಂದಿನ ಮಾಂಸ ಹಸಿಯಾಗಿಯೇ ಉಳಿದಿರಬಹುದು. ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂಥ ರೋಗಾಣುಗಳಿರುವ ಸಾಧ್ಯತೆ ಇರುವುದರಿಂದ ಬೆಂದಿತೋ ಇಲ್ಲವೋ ಎಂಬುದು ಬರೀ ರುಚಿಯ ಪ್ರಶ್ನೆಯಲ್ಲ.

ಅಮೆರಿಕದ ಕೃಷಿ ಇಲಾಖೆ 2006ರಿಂದ ಒಂದೇ ಕನಿಷ್ಠ ಉಷ್ಣತೆಯನ್ನು ಹೇಳುತ್ತ ಬಂದಿದೆ: 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 74 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಮೊದಲು ಇಡೀ ಹಕ್ಕಿಗೆ 180, ಎದೆಮಾಂಸಕ್ಕೆ 170 ಡಿಗ್ರಿ ಫ್ಯಾರನ್‌ಹೀಟ್ ಎಂಬ ಸಲಹೆಯಿತ್ತು. ರೋಗಾಣುಗಳ ನಾಶಕ್ಕೆ ಕಾವು, ಕಾಲ ಎರಡೂ ಲೆಕ್ಕಕ್ಕೆ ಬರುತ್ತವೆ. 74 ಡಿಗ್ರಿಯಲ್ಲಿ ಅವು ಕ್ಷಣಮಾತ್ರದಲ್ಲಿ ಸಾಯುತ್ತವೆ. 65ರ ಆಸುಪಾಸಿನಲ್ಲಿ ಅದೇ ಫಲಕ್ಕೆ ಕೆಲವು ನಿಮಿಷ ಬೇಕು. ಬ್ರಿಟನ್ನಿನ ನಿಯಮ ಈ ಮಾತನ್ನು ಬಿಡಿಸಿಯೇ ಹೇಳುತ್ತದೆ: 70 ಡಿಗ್ರಿ ಸೆಲ್ಸಿಯಸ್ ಆದರೆ ಎರಡು ನಿಮಿಷ, 75 ಆದರೆ 30 ಸೆಕೆಂಡು.

ಸುರಕ್ಷಿತವಾದದ್ದೆಲ್ಲ ಮೆತ್ತಗಾಗಿರುತ್ತದೆ ಎನ್ನುವಂತಿಲ್ಲ. ಎದೆಮಾಂಸ 70 ದಾಟಿದಂತೆ ಬೇಗ ಒಣಗುತ್ತದೆ. ತೊಡೆಯಲ್ಲಿ ಕೊಲಾಜನ್ ಹೆಚ್ಚು. ಅದು ಕರಗಿ ಮಾಂಸ ಹದವಾಗಲು 80ರ ಹತ್ತಿರದ ಕಾವು ಒಳ್ಳೆಯದು. ಟರ್ಕಿ ರೋಸ್ಟ್‌ನ ನಿಜವಾದ ಕಷ್ಟ ಒಂದೇ ಹಕ್ಕಿಯೊಳಗಿನ ಈ ಎರಡು ಹದಗಳಲ್ಲಿದೆ.

ಚುಚ್ಚಿದಾಗ ರಸ ತಿಳಿಯಾಗಿ ಹರಿದರೆ ಬೆಂದಂತೆ ಎಂಬ ಹಳೆಯ ಪರೀಕ್ಷೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಯಾವ ಕಾವಿನಲ್ಲಿ ಬಣ್ಣಗೆಡುತ್ತದೆ ಎಂಬುದು ಮಾಂಸದ ಆಮ್ಲೀಯತೆಯನ್ನೂ ಅವಲಂಬಿಸಿದೆ. ಎಳೆಯ ಹಕ್ಕಿಯ ಎಲುಬಿನಿಂದ ಜಿನುಗುವ ವರ್ಣಕವೂ ಗ್ಯಾಸ್ ಓವನ್ನಿನ ಹೊಗೆಯೂ ಪೂರ್ತಿ ಬೆಂದ ಮಾಂಸವನ್ನು ನಸುಗೆಂಪಾಗಿ ಇರಿಸಬಲ್ಲವು.

ಉಳಿದ ದಾರಿ ಥರ್ಮಾಮೀಟರ್. ತೊಡೆಯ ಒಳಭಾಗ, ರೆಕ್ಕೆಯ ಒಳಭಾಗ, ಎದೆಯ ಅತಿ ದಪ್ಪನೆಯ ಜಾಗ, ಈ ಮೂರು ಕಡೆಯೂ ಚುಚ್ಚಿ ನೋಡಬೇಕು. ಮೂರರಲ್ಲಿ ಕಡಿಮೆ ಬಂದ ಅಂಕಿಯೇ ಲೆಕ್ಕಕ್ಕೆ. ಮೊನೆ ಎಲುಬಿಗೆ ತಾಗಿದರೆ ಅಂಕಿ ತಪ್ಪುತ್ತದೆ. ಮುಳ್ಳಿನ ಥರ್ಮಾಮೀಟರ್ ಕಾವನ್ನು ಕಡ್ಡಿಯ ಎರಡಂಗುಲದುದ್ದಕ್ಕೂ ಅಳೆಯುವುದರಿಂದ ಅದನ್ನು ಆಳಕ್ಕೆ ಇಳಿಸಿ ಹದಿನೈದಿಪ್ಪತ್ತು ಸೆಕೆಂಡು ಕಾಯಬೇಕು. ಡಿಜಿಟಲ್ ಆದರೆ ತುದಿಯಲ್ಲೇ ಅಳೆಯುತ್ತದೆ. ಐಸ್ ನೀರಿನಲ್ಲಿ ಅದ್ದಿದಾಗ ಸೊನ್ನೆ ತೋರಿಸದ ಉಪಕರಣವನ್ನು ನಂಬಬಾರದು.

ಅಮೆರಿಕದ ಅಂಗಡಿಗಳಲ್ಲಿ ಮಾರುವ ಎಷ್ಟೋ ಟರ್ಕಿಗಳ ಎದೆಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಪಾಪ್-ಅಪ್ ಟೈಮರ್ ಮೊದಲೇ ನೆಟ್ಟಿರುತ್ತದೆ. ಕ್ಯಾಲಿಫೋರ್ನಿಯಾದ ಟರ್ಕಿ ಸಾಕಣೆದಾರರು ಹಕ್ಕಿ ಒಣಗಿಹೋಗುತ್ತದೆ ಎಂಬ ದೂರಿಗೆ ಪರಿಹಾರ ಹುಡುಕುತ್ತಿದ್ದಾಗ, ಚಾವಣಿಯಲ್ಲಿದ್ದ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ನೋಡಿ ಈ ಉಪಾಯ ಹೊಳೆಯಿತು ಎಂಬ ಕಥೆ ಆ ಉದ್ಯಮದಲ್ಲಿ ಬಳಕೆಯಲ್ಲಿದೆ. ಕಥೆಯ ವಿವರಗಳು ಹೇಗೇ ಇರಲಿ, ಎರಡರ ತತ್ವವಂತೂ ಒಂದೇ. ಕೊಳವೆಯೊಳಗೆ ಒತ್ತಿಟ್ಟ ಸ್ಪ್ರಿಂಗ್ ಇದೆ, ಅದರ ಮೇಲೆ ಸಾಮಾನ್ಯವಾಗಿ ಕೆಂಪು ಬಣ್ಣದ ಕಡ್ಡಿ. ಕಡ್ಡಿಯ ಬುಡವನ್ನು ಕಡಿಮೆ ಕಾವಿಗೇ ಕರಗುವ ಮಿಶ್ರಲೋಹದ ತುಣುಕೊಂದು ಹಿಡಿದಿಟ್ಟಿರುತ್ತದೆ. ನಿಗದಿತ ಕಾವು ತಲುಪಿದೊಡನೆ ಲೋಹ ಕರಗುತ್ತದೆ, ಸ್ಪ್ರಿಂಗ್ ಬಿಡಿಸಿಕೊಂಡು ಕಡ್ಡಿ ಮೇಲೇಳುತ್ತದೆ. ಜಾಣ ಉಪಾಯವೇ, ಆದರೂ ಅದು ಹೇಳುವುದು ತಾನು ನೆಟ್ಟ ಒಂದು ಜಾಗದ ಸುದ್ದಿಯನ್ನು ಮಾತ್ರ. ಹಲವು ಟೈಮರ್‌ಗಳು 80 ಡಿಗ್ರಿ ದಾಟಿದ ಮೇಲೆ ಎದ್ದೇಳುವುದರಿಂದ ಎದೆಮಾಂಸ ಅಷ್ಟರಲ್ಲಿ ಒಣಗಿರುವುದೂ ಉಂಟು. ಟೈಮರ್ ಎದ್ದ ಮೇಲೂ ಬೇರೆ ಕಡೆ ಥರ್ಮಾಮೀಟರ್ ಚುಚ್ಚಿ ನೋಡಬೇಕೆಂದು ಕೃಷಿ ಇಲಾಖೆ ಸಲಹೆ ಮಾಡುತ್ತದೆ.

ಹೊಟ್ಟೆಗೆ ಬ್ರೆಡ್ಡಿನ ಹೂರಣ ತುಂಬಿದ್ದರೆ ಅದರ ನಡುಭಾಗವೂ 74 ಡಿಗ್ರಿ ಮುಟ್ಟಬೇಕು. ಓವನ್ನಿನಿಂದ ತೆಗೆದ ಮೇಲೂ ಒಳಗಿನ ಕಾವು ಕೆಲವು ಡಿಗ್ರಿ ಏರುತ್ತದೆ. ಕೊಯ್ಯುವ ಮೊದಲು ಇಪ್ಪತ್ತು ನಿಮಿಷ ಹಾಗೇ ಬಿಡುವುದು ವಾಡಿಕೆ.