ರಿಚರ್ಡ್ ಹೌಲ್ಸ್‌ಟನ್: ಮೆದುಳು ಗಡ್ಡೆಯ ಮೂಲ ಹುಡುಕಿದ ಲಂಡನ್ ವಿಜ್ಞಾನಿ

ಮನೆಯಲ್ಲಿ ಒಬ್ಬರಿಗೆ ಮೆದುಳಿನ ಗಡ್ಡೆ ಬಂದರೆ ಉಳಿದವರಿಗೂ ಬರುತ್ತಾ? ಊರಲ್ಲಿ ಇದನ್ನು ಮನೆತನದ ಶಾಪ ಅಂತ ಹೇಳಿ ಮದುವೆ ಸಂಬಂಧ ಬಿಟ್ಟವರೂ ಇದ್ದಾರೆ. ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹುಡುಕಿದವರಲ್ಲಿ ಪ್ರೊ. ರಿಚರ್ಡ್ ಹೌಲ್ಸ್‌ಟನ್ ಪ್ರಮುಖರು.

ಇವರು ಇನ್‌ಸ್ಟಿಟ್ಯೂಟ್ ಆಫ್ ಕ್ಯಾನ್ಸರ್ ರಿಸರ್ಚ್‌ನ ವಿಜ್ಞಾನಿ. 1909ರಲ್ಲಿ ಶುರುವಾದ ಈ ಸಂಸ್ಥೆಯ ಒಂದು ಕೇಂದ್ರ ಲಂಡನ್ನಿನ ದಕ್ಷಿಣದ ಸಟನ್‌ನಲ್ಲಿ, ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯ ಪಕ್ಕದಲ್ಲಿದೆ. ಕರುಳು, ರಕ್ತದ ಕ್ಯಾನ್ಸರ್‌ಗಳ ಆನುವಂಶಿಕತೆಯ ಮೇಲೂ ಇವರ ಕೆಲಸವಿದೆ.

ವಿಧಾನ ನಮ್ಮ ಲೆಕ್ಕ ತಾಳೆ ನೋಡಿದ ಹಾಗೆ. ರೋಗಿಗಳ ಡಿಎನ್‌ಎ ಒಂದು ಕಡೆ, ಆರೋಗ್ಯವಂತರದ್ದು ಇನ್ನೊಂದು ಕಡೆ ಇಟ್ಟು, ಲಕ್ಷಾಂತರ ಜಾಗಗಳಲ್ಲಿ ಎಲ್ಲಿ ವ್ಯತ್ಯಾಸ ಬರುತ್ತದೆ ಎಂದು ನೋಡುವುದು. ಗ್ಲಯೋಮಾ ಅಪರೂಪದ ಗಡ್ಡೆ, ವರ್ಷಕ್ಕೆ ಲಕ್ಷದಲ್ಲಿ ಸುಮಾರು ಆರು ಜನಕ್ಕೆ. ಹಾಗಾಗಿ ಒಂದೇ ದೇಶದ ರೋಗಿಗಳು ಸಾಲುವುದಿಲ್ಲ. ಅಮೆರಿಕದ ಮೆಲಿಸ್ಸಾ ಬಾಂಡಿ ಮುಂತಾದವರ ಜೊತೆ ಸೇರಿ 2009ರಲ್ಲಿ ಈ ತಂಡ ಐದು ಜಾಗ ಗುರುತಿಸಿತು. ಅದರಲ್ಲಿ ಟಿಇಆರ್‌ಟಿ, ಆರ್‌ಟಿಇಎಲ್1 ಜೀನ್‌ಗಳು ಕ್ರೋಮೋಸೋಮ್ ತುದಿಯನ್ನು ಕಾಯುವಂಥವು. ಶೂ ಲೇಸಿನ ತುದಿಗೆ ಪ್ಲಾಸ್ಟಿಕ್ ಇರುತ್ತದಲ್ಲ, ಹಾಗೆ. 2017ರಲ್ಲಿ 12,496 ರೋಗಿಗಳು ಮತ್ತು 18,190 ಆರೋಗ್ಯವಂತರನ್ನು ಹೋಲಿಸಿ ಇನ್ನೂ 13 ಜಾಗ ಸಿಕ್ಕವು.

ಹಾಗಾದರೆ ಉತ್ತರ ಏನು? ಇಂಥ ಒಂದೊಂದು ವ್ಯತ್ಯಾಸವೂ ಅಪಾಯವನ್ನು ಏರಿಸುವುದು ಸ್ವಲ್ಪವೇ. ಗ್ಲಯೋಮಾ ರೋಗಿಯ ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಸುಮಾರು ಎರಡು ಪಟ್ಟು. ಆದರೆ ಮೂಲ ಸಂಖ್ಯೆಯೇ ಅಷ್ಟು ಚಿಕ್ಕದು; ಎರಡು ಪಟ್ಟಾದರೂ ಚಿಕ್ಕದೇ. ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳಿರುವ ಕುಟುಂಬಗಳ ಮಾತು ಬೇರೆ. ಅಂಥವರು ವೈದ್ಯರನ್ನೇ ಕೇಳಬೇಕು.

ರಾತ್ರಿಯಿಡೀ ಊರಿಗೆ ಫೋನ್ ಮಾಡುವ ನಮಗೆ ಇನ್ನೊಂದು ಭಯ, ಮೊಬೈಲಿನದು. ಇದೇ ಸಂಸ್ಥೆಯ ಸಂಶೋಧಕರೂ ಭಾಗವಹಿಸಿದ 13 ದೇಶಗಳ ಇಂಟರ್‌ಫೋನ್ ಅಧ್ಯಯನ 2010ರಲ್ಲಿ ಹೊರಬಂತು. ಒಟ್ಟಾರೆ ಅಪಾಯ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಅತಿ ಹೆಚ್ಚು ಬಳಸಿದವರ ಗುಂಪಿನಲ್ಲಿ ಮಾತ್ರ ಸ್ವಲ್ಪ ಏರಿಕೆ ಕಂಡರೂ, ಜನ ನೆನಪಿನಿಂದ ಹೇಳಿದ ಲೆಕ್ಕವಾದ್ದರಿಂದ ಅದನ್ನು ಖಚಿತ ಎನ್ನಲಾಗದು ಎಂದು ಸಂಶೋಧಕರೇ ಹೇಳಿದರು.

ಗಮನಿಸಬೇಕಾದ್ದು ಲಕ್ಷಣಗಳನ್ನು: ಮೊದಲ ಬಾರಿ ಫಿಟ್ಸ್ ಬರುವುದು, ಬೆಳಿಗ್ಗೆ ತಲೆನೋವು ಜೊತೆ ವಾಂತಿ, ಒಂದು ಕಡೆ ಕೈಕಾಲು ಬಲ ಕಡಿಮೆಯಾಗುವುದು, ಮಾತು ಅಥವಾ ದೃಷ್ಟಿ ತೊಡಕು. ಇವು ಬೇರೆ ಕಾರಣಕ್ಕೂ ಬರಬಹುದು. ಆದರೂ ರಜೆಗೆ ಊರಿಗೆ ಹೋದಾಗ ತೋರಿಸೋಣ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿ ಕಾಯಬೇಡಿ, ಇಲ್ಲಿಯೇ ವೈದ್ಯರಿಗೆ ತೋರಿಸಿ.