ಕಾಲ್ಡಿಕಾಟ್ ತತ್ತ್ವಗಳು

ರೋಗಿಯ ಗುರುತು ಬಯಲಾಗುವಂಥ ಮಾಹಿತಿಯನ್ನು ಯಾರು, ಯಾವ ಕಾರಣಕ್ಕೆ, ಎಷ್ಟರಮಟ್ಟಿಗೆ ಬಳಸಬಹುದು ಎಂಬುದಕ್ಕೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ (ಎನ್‌ಎಚ್‌ಎಸ್) ಪಾಲಿಸುವ ಎಂಟು ಸೂತ್ರಗಳು. ಮೊದಲ ಆರನ್ನು ಮನೋವೈದ್ಯೆ ಫಿಯೋನಾ ಕಾಲ್ಡಿಕಾಟ್ (1941–2021) ಅವರ ಅಧ್ಯಕ್ಷತೆಯ ಸಮಿತಿ 1997ರಲ್ಲಿ ರೂಪಿಸಿತು.

ಅಲ್ಲಿ ರೋಗಿಯ ಆರೈಕೆ ಒಂದೇ ಸೂರಿನಡಿ ಮುಗಿಯುವುದಿಲ್ಲ. ಕುಟುಂಬ ವೈದ್ಯರು, ಆಸ್ಪತ್ರೆ, ಮನೆಗೆ ಬರುವ ನರ್ಸ್, ಸ್ಥಳೀಯ ಆಡಳಿತದ ಸಮಾಜಸೇವಾ ವಿಭಾಗ ಎಲ್ಲರಿಗೂ ರೋಗಿಯ ದಾಖಲೆ ಬೇಕು. ಕಂಪ್ಯೂಟರ್ ಬಂದು ಈ ಓಡಾಟ ಸಲೀಸಾದಂತೆ ಗೋಪ್ಯತೆಯ ಆತಂಕವೂ ಹೆಚ್ಚಿತು. ಸಮಿತಿ ಹೇಳಿದ್ದಿಷ್ಟು: ಬಳಕೆಯ ಉದ್ದೇಶಕ್ಕೆ ಸಮರ್ಥನೆ ಇರಬೇಕು, ಅಗತ್ಯವಿಲ್ಲದೆ ಗುರುತಿನ ವಿವರ ಬಳಸಬಾರದು, ಬಳಸಿದರೂ ಆದಷ್ಟು ಕಡಿಮೆ ಬಳಸಬೇಕು, ಕೆಲಸಕ್ಕೆ ಬೇಕಾದವರಿಗಷ್ಟೇ ಅದು ಸಿಗಬೇಕು, ಹಾಗೆ ಸಿಕ್ಕವರಿಗೆ ತಮ್ಮ ಹೊಣೆ ಗೊತ್ತಿರಬೇಕು, ಕಾನೂನು ಮೀರಬಾರದು. ಇವುಗಳ ಪಾಲನೆ ನೋಡಿಕೊಳ್ಳಲು ಪ್ರತಿ ಸಂಸ್ಥೆಯೂ ಹಿರಿಯರೊಬ್ಬರನ್ನು ‘ಕಾಲ್ಡಿಕಾಟ್ ಗಾರ್ಡಿಯನ್’ ಆಗಿ ನೇಮಿಸುವ ಪದ್ಧತಿ ಬಂತು.

ಆದರೆ ಸಿಬ್ಬಂದಿ ಮಾಹಿತಿಯನ್ನು ಅತಿಯಾಗಿ ಬಿಗಿಹಿಡಿಯತೊಡಗಿದರು. ಗೋಪ್ಯತೆಯ ನೆಪದಲ್ಲಿ ಚಿಕಿತ್ಸೆಗೇ ಬೇಕಾದ ವಿವರ ತಲುಪದೆ ಹೋದರೆ ನಷ್ಟ ರೋಗಿಗೇ. ಹಾಗಾಗಿ ಕಾಲ್ಡಿಕಾಟ್ ಅವರೇ ನಡೆಸಿದ 2013ರ ಮರುಪರಿಶೀಲನೆ ಏಳನೆಯ ತತ್ತ್ವ ಸೇರಿಸಿತು: ರೋಗಿಯ ಹಿತಕ್ಕಾಗಿ ಮಾಹಿತಿ ಹಂಚಿಕೊಳ್ಳುವ ಕರ್ತವ್ಯ, ಅದನ್ನು ಕಾಪಾಡುವ ಕರ್ತವ್ಯದಷ್ಟೇ ಮುಖ್ಯವಾಗಬಹುದು. ಎಂಟರಲ್ಲಿ ಹೆಚ್ಚು ತೂಕದ್ದು ಇದೇ. ಪಾಲಿಸಲು ಕಷ್ಟವಾದದ್ದೂ ಇದೇ.

ಏಕೆಂದರೆ ‘ರೋಗಿಯ ಹಿತ’ ಎಂಬ ಮಾತನ್ನು ಎಲ್ಲಿಯವರೆಗೂ ಎಳೆಯಬಹುದು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಸಮೂಹ ಸುಮಾರು 16 ಲಕ್ಷ ರೋಗಿಗಳ ದಾಖಲೆಗಳನ್ನು ಗೂಗಲ್ ಒಡೆತನದ ಡೀಪ್‌ಮೈಂಡ್ ಕಂಪನಿಗೆ ಕೊಟ್ಟಿತ್ತು. ಮೂತ್ರಪಿಂಡಕ್ಕೆ ದಿಢೀರ್ ಹಾನಿಯಾಗುವುದನ್ನು ಗುರುತಿಸಿ ಎಚ್ಚರಿಸುವ ‘ಸ್ಟ್ರೀಮ್ಸ್’ ಎಂಬ ಆ್ಯಪ್ ಅನ್ನು ಪರೀಕ್ಷಿಸುವುದು ಉದ್ದೇಶ. ಉದ್ದೇಶವೇನೋ ಒಳ್ಳೆಯದೇ. ಆದರೆ ಅದು ನೇರ ಚಿಕಿತ್ಸೆಯಲ್ಲ, ಆ್ಯಪಿನ ಪರೀಕ್ಷೆ ಎಂದು ಕಾಲ್ಡಿಕಾಟ್ ಆಕ್ಷೇಪಿಸಿದರು. ರೋಗಿಗಳಿಗೆ ಸರಿಯಾಗಿ ತಿಳಿಸದೆ ಆಸ್ಪತ್ರೆ ದತ್ತಾಂಶ ರಕ್ಷಣಾ ಕಾಯ್ದೆ ಪಾಲಿಸಲಿಲ್ಲವೆಂದು ಬ್ರಿಟನ್ನಿನ ಮಾಹಿತಿ ಆಯುಕ್ತರು 2017ರ ಜುಲೈನಲ್ಲಿ ತೀರ್ಮಾನಿಸಿದರು. ಅದಕ್ಕೆ ಮೊದಲೇ, ಕುಟುಂಬ ವೈದ್ಯರ ದಾಖಲೆಗಳನ್ನು ಒಂದೆಡೆ ಕಲೆಹಾಕುವ ‘ಕೇರ್ ಡಾಟ್ ಡೇಟಾ’ ಯೋಜನೆ ಜನರ ವಿಶ್ವಾಸ ಗಳಿಸಲಾರದೆ 2016ರಲ್ಲಿ ಮುಚ್ಚಿತ್ತು. 2020ರಲ್ಲಿ ಸೇರಿದ ಎಂಟನೆಯ ತತ್ತ್ವ ಈ ಕೊರತೆಯ ಕಡೆಗೇ ಬೆರಳು ಮಾಡುತ್ತದೆ: ತಮ್ಮ ಮಾಹಿತಿ ಹೇಗೆ ಬಳಕೆಯಾಗುತ್ತದೆಂಬುದು ರೋಗಿಗಳಿಗೆ ಮೊದಲೇ ತಿಳಿದಿರಬೇಕು.

ಕಾಲ್ಡಿಕಾಟ್ 2014ರಿಂದ ವಹಿಸಿಕೊಂಡಿದ್ದ ರಾಷ್ಟ್ರೀಯ ದತ್ತಾಂಶ ರಕ್ಷಕ ಹುದ್ದೆಗೆ 2018ರ ಕಾಯ್ದೆ ಶಾಸನದ ಬಲ ಕೊಟ್ಟಿತು. ಅದೇ ವರ್ಷದ ಮೇ 25ರಿಂದ, ಸಂಶೋಧನೆಗೆ ಮತ್ತು ಆರೋಗ್ಯ ಸೇವೆಗಳ ಯೋಜನೆ ರೂಪಿಸಲು ತಮ್ಮ ಮಾಹಿತಿ ಬೇಡವೆನ್ನುವ ಅವಕಾಶ ಇಂಗ್ಲೆಂಡಿನ ರೋಗಿಗಳಿಗಿದೆ. ಚಿಕಿತ್ಸೆ ನೀಡುವ ವೈದ್ಯರ ನಡುವಿನ ವಿನಿಮಯಕ್ಕೆ ಈ ನಿರಾಕರಣೆ ಅನ್ವಯಿಸುವುದಿಲ್ಲ.